ಭೀಮೆಯ ಆಚೆ ಇನ್ನೊಂದು ದೇಶ

ದೇಶ ವಿಭಜನೆಯ ಇತಿಹಾಸ ಬರೆದವರು ಪಂಜಾಬಿನ ಗೆರೆಯನ್ನೂ ಬಂಗಾಳದ ಗೆರೆಯನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆ. ಅದೇ ದಿನಗಳಲ್ಲಿ ಬಿಜಾಪುರ ಜಿಲ್ಲೆಯ ಮೂಡಣ ಅಂಚಿನಲ್ಲಿಯೂ ಒಂದು ಗೆರೆಯಿತ್ತು. ಇಂಡಿ, ಸಿಂದಗಿ ತಾಲ್ಲೂಕುಗಳಿಗೆ ಬಹುಮಟ್ಟಿಗೆ ಭೀಮಾ ನದಿಯೇ ಆ ಗೆರೆ. ನದಿ ಬಿಟ್ಟು ದಕ್ಷಿಣಕ್ಕೆ ಇಳಿದರೆ ಎರೆಹೊಲಗಳ ನಡುವೆ ಬದುವಿನ ಗುರುತಿನ ಮೇಲೆ ಅದು ತಾಳಿಕೋಟೆಯ ಹತ್ತಿರ ಹಾದು, ಮುದ್ದೇಬಿಹಾಳ ತಾಲ್ಲೂಕಿನ ಅಂಚಿನಲ್ಲಿ ಕೃಷ್ಣೆಯನ್ನು ಮುಟ್ಟುತ್ತಿತ್ತು. ಬಸವನ ಬಾಗೇವಾಡಿ ಮಾತ್ರ ಒಂದು ಹೆಜ್ಜೆ ಒಳಗಿತ್ತು. 1947ರ ಆಗಸ್ಟ್ 15ರ ಬೆಳಗಿಗೆ ಗೆರೆಯ ಈಚೆ ಭಾರತವಾಯಿತು. ಆಚೆ ಮಾತ್ರ ಭಾರತವೂ ಅಲ್ಲ, ಪಾಕಿಸ್ತಾನವೂ ಅಲ್ಲ. ಎರಡು ಸಂವಿಧಾನ ಸಭೆಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ, ಬ್ರಿಟಿಷರು ಹೊರಟ ದಿನ ತಾನೇ ಸ್ವತಂತ್ರ ದೊರೆ ಎಂದು ಹೈದರಾಬಾದಿನ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಜೂನ್ ತಿಂಗಳಲ್ಲೇ ಸಾರಿಬಿಟ್ಟಿದ್ದ. ಸುಮಾರು 82,000 ಚದರ ಮೈಲಿಯ, 1 ಕೋಟಿ 60 ಲಕ್ಷ ಜನರ, 16 ಜಿಲ್ಲೆಗಳ ರಾಜ್ಯ ಅದು. ಅದರೊಳಗೆ ಗುಲ್ಬರ್ಗಾ, ರಾಯಚೂರು, ಬೀದರದ ಕನ್ನಡಿಗರಿದ್ದರು. ದಿಲ್ಲಿ ಆ ಸ್ವಾತಂತ್ರ್ಯವನ್ನು ಒಪ್ಪಲಿಲ್ಲ, ಕರಾಚಿ ಅದರ ಬೆನ್ನಿಗೆ ನಿಂತಿತು. ಅಂದಿನಿಂದ 13 ತಿಂಗಳು ಈ ತಾಲ್ಲೂಕುಗಳು ಒಂದು ಅಂತರರಾಷ್ಟ್ರೀಯ ಜಗಳದ ಹೊಸ್ತಿಲಲ್ಲಿ ಬದುಕಿದವು.

ಈ ಗೆರೆಯನ್ನು ಪಂಜಾಬ್, ಬಂಗಾಳದ ಗೆರೆಗಳನ್ನೆಳೆದ ರಾಡ್‌ಕ್ಲಿಫ್ ಎಳೆದದ್ದಲ್ಲ. ಅದರ ವಯಸ್ಸು ದೊಡ್ಡದು. ಪೇಶ್ವೆಯ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಈಚೆಯ ಸೀಮೆ ಹಂತಹಂತವಾಗಿ ಕಂಪನಿಯ ಕೈಗೆ ಬಂತು. ಸಾತಾರದ ರಾಜನ ಪಾಲಿನಲ್ಲಿದ್ದ ಬಿಜಾಪುರವೂ 1848ರಲ್ಲಿ ಅದಕ್ಕೆ ಸೇರಿತು. ಮುದ್ದೇಬಿಹಾಳದ ಮಗ್ಗುಲಿನ ಸುರಪುರದ ಕಥೆ ಬೇರೆ. ಅಲ್ಲಿಯ ರಾಜಾ ವೆಂಕಟಪ್ಪ ನಾಯಕ 1857ರ ದಂಗೆಯ ಬಿಸಿಯಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದು, ಸೋತು, ಸೆರೆಯಾಗಿ 1858ರಲ್ಲಿ ತೀರಿಕೊಂಡ. ದಂಗೆಯಲ್ಲಿ ತಮ್ಮ ಪಕ್ಷ ಬಿಡದ ನಿಜಾಮನಿಗೆ ಬ್ರಿಟಿಷರು 1860ರ ಒಪ್ಪಂದದಲ್ಲಿ ರಾಯಚೂರು ದೋಆಬವನ್ನು ಮರಳಿಸಿದರು, 50 ಲಕ್ಷ ರೂಪಾಯಿ ಸಾಲ ಮನ್ನಾ ಮಾಡಿದರು, ಜೊತೆಗೆ ಸುರಪುರವನ್ನೂ ಬಹುಮಾನವಾಗಿ ಕೊಟ್ಟರು. ಬೇಡ ದೊರೆಯ ಬಂಡಾಯದ ನಾಡು ಹೀಗೆ ಮೊಗಲಾಯಿಯಾಯಿತು. ಮೊಗಲಾಯಿ ಎಂದರೆ ಈ ಭಾಗದ ಜನರ ಬಾಯಲ್ಲಿ ನಿಜಾಮನ ಸೀಮೆ. ಒಂದು ಸಂಸ್ಥಾನವನ್ನು ಅದರ ಜನರನ್ನು ಕೇಳದೆ ಇನಾಮು ಕೊಟ್ಟ ಆ ಅನ್ಯಾಯವನ್ನು 1947ರ ಕಥೆ ಹೇಳುವವರು ನೆನೆಯಲೇಬೇಕು. ಮುಂದಿನ ಸಂಕಟದ ಬೇರು ಅಲ್ಲಿಯೂ ಇದೆ.

ಗೆರೆ ಇದ್ದರೂ ಬದುಕು ಒಂದೇ ಆಗಿತ್ತು. ಅಫಜಲಪುರದ ಹೆಣ್ಣು ಇಂಡಿಗೆ, ಸಿಂದಗಿಯ ಹೆಣ್ಣು ಜೇವರ್ಗಿಗೆ ಸೊಸೆಯಾಗಿ ಹೋಗುತ್ತಿದ್ದರು. ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ, ಗುಲ್ಬರ್ಗಾದ ಶರಣಬಸವೇಶ್ವರನ ತೇರಿಗೆ, ಅದೇ ಊರಿನ ಖ್ವಾಜಾ ಬಂದೇ ನವಾಜರ ಉರುಸಿಗೆ ಈಚೆಯ ಗಾಡಿಗಳು ಹೊಳೆ ದಾಟಿಯೇ ಹೋಗಬೇಕು. ಮುದ್ದೇಬಿಹಾಳದ ಕಡೆಯವರು ಕೊಡೇಕಲ್ಲಿಗೆ, ತಿಂಥಣಿಯ ಮೋನಪ್ಪಯ್ಯನ ಜಾತ್ರೆಗೆ ಹೋಗುತ್ತಿದ್ದರು. ಆ ಗದ್ದುಗೆಗಳ ಮುಂದೆ ಹಿಂದೂ ಯಾರು, ಮುಸಲ್ಮಾನ ಯಾರು ಎಂದು ಕೇಳುವ ರೂಢಿಯೇ ಇರಲಿಲ್ಲ. ಇಂಡಿ ತಾಲ್ಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪನವರ ಜೊತೆ ಕೂತು ಜನಪದ ಹಾಡು ಕೂಡಿಸಿದವರಲ್ಲಿ ಪಿ. ಧೂಲಾ ಅವರೂ ಒಬ್ಬರು. ಎಲ್ಲಕ್ಕಿಂತ ಮಿಗಿಲಾಗಿ, ಬಸವಣ್ಣ ಹುಟ್ಟಿದ ಬಾಗೇವಾಡಿ ಗೆರೆಯ ಈಚೆ, ಅನುಭವ ಮಂಟಪ ಕಟ್ಟಿದ ಕಲ್ಯಾಣ ಗೆರೆಯ ಆಚೆ. 12ನೆಯ ಶತಮಾನದಲ್ಲಿ ಶರಣರು ನಡೆದೇ ಕ್ರಮಿಸಿದ್ದ ಆ ದಾರಿಯಲ್ಲಿ ಈಗ ಎರಡು ಸರ್ಕಾರಗಳ ಪೊಲೀಸರು ನಿಂತಿದ್ದರು.

ನಾಕಾದ ವ್ಯವಹಾರವನ್ನು ಹತ್ತಿರದಿಂದ ನೋಡಬೇಕು. ಹುಣಸಗಿ ಕಡೆಯ ಒಕ್ಕಲಿಗ ಜೋಳದ ಚೀಲ ಹೇರಿಕೊಂಡು ತಾಳಿಕೋಟೆಯ ಪೇಟೆಗೆ ಹೊರಟರೆ, ಕರೋಡಗಿರಿ ನಾಕಾದಲ್ಲಿ ಗಾಡಿಯ ಕೊರಳು ಬಿಚ್ಚಿ ಸುಂಕ ಕಟ್ಟಬೇಕು. ಪೇಟೆಯಲ್ಲಿ ಸಿಕ್ಕದ್ದು ಕಲ್ದಾರ, ಅಂದರೆ ಈಚೆಯ ಸರ್ಕಾರದ ರೂಪಾಯಿ. ಉಪ್ಪು, ಸೀಮೆಎಣ್ಣೆ, ಒಂದು ಸೀರೆ ಕೊಂಡು ಮಿಕ್ಕದ್ದನ್ನು ಶರಾಫನ ಮುಂದೆ ಸುರಿದು, ಆರು ಕಲ್ದಾರಕ್ಕೆ ಏಳರಂತೆ ಹಾಲಿ ಸಿಕ್ಕಾ ಎಣಿಸಿಕೊಳ್ಳಬೇಕು. ಮೊಗಲಾಯಿಯ ಪಟವಾರಿ ಕಂದಾಯ ಹಿಡಿಯುವುದು ಆ ನಾಣ್ಯದಲ್ಲೇ. ಮರಳುವಾಗ ಅದೇ ನಾಕಾ, ಕೊಂಡ ಸಾಮಾನಿನ ಮೇಲೆ ಮತ್ತೆ ಸುಂಕ. ತಲೆಮಾರುಗಳ ಕಾಲ ಜನ ಇದನ್ನು ಮಳೆಬಿಸಿಲಿನಂತೆ ಸಹಿಸಿದ್ದರು. 1947ರ ನಂತರ ದಿಲ್ಲಿ ಮತ್ತು ಹೈದರಾಬಾದಿನ ಪತ್ರವ್ಯವಹಾರದಲ್ಲಿ ಸುಂಕ, ನಾಣ್ಯ, ಉಪ್ಪು ಎಂಬ ಈ ಮಾತುಗಳೇ ದೊಡ್ಡ ದೊಡ್ಡ ತಕರಾರುಗಳಾಗಿ ಬೆಳೆದವು.

ಆಚೆಯ ಜನರ ಹೋರಾಟದ ನಾಯಕರು ಈಚೆಯ ಮಣ್ಣಿನಲ್ಲಿ ಹುಟ್ಟಿದವರು. 1903ರ ಅಕ್ಟೋಬರ್ 3ರಂದು ಸಿಂದಗಿಯಲ್ಲಿ ಜನಿಸಿದ ವೆಂಕಟೇಶ ಖೇಡಗೀಕರ ಅವರು ಸೊಲ್ಲಾಪುರ, ಪುಣೆಗಳಲ್ಲಿ ಓದಿ, ಸಂನ್ಯಾಸ ಸ್ವೀಕರಿಸಿ ಸ್ವಾಮಿ ರಮಾನಂದ ತೀರ್ಥರಾದರು. ನಿಜಾಮನ ರಾಜ್ಯದ ಮರಾಠವಾಡಾದಲ್ಲಿ ಶಾಲಾ ಮಾಸ್ತರರಾಗಿದ್ದವರು 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹಕ್ಕೆ ಇಳಿದು ಜೈಲು ಕಂಡರು. ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾಗಿದ್ದ ಆ ಸಂಸ್ಥೆಯ ಮೇಲಿನ ನಿರ್ಬಂಧ ಸಡಿಲಿದ್ದು 1946ರಲ್ಲಿ. ಮರುವರ್ಷ ಆಗಸ್ಟ್ 15ರಂದು ಸಿಂದಗಿಯಲ್ಲಿ ಧ್ವಜ ಏರಿದಾಗ ಅದು ಹಬ್ಬ. ಅದೇ ದಿನ ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಸ್ವಾಮೀಜಿ ಅದೇ ಧ್ವಜ ಏರಿಸಿದ್ದು ಅಪರಾಧವಾಗಿ ಸೆರೆಮನೆಗೆ ಹೋದರು. ನವೆಂಬರಿನಲ್ಲಿ ಬಿಡುಗಡೆಯಾದರು, ಜನವರಿಯಲ್ಲಿ ಮತ್ತೆ ಒಳಗೆ. ಹೋರಾಟದ ಕೊನೆಯ ಎಂಟು ತಿಂಗಳು ಅದರ ನಾಯಕರು ಕಂಬಿಗಳ ಹಿಂದೆಯೇ ಇದ್ದರು.

ಎರಡು ಸರ್ಕಾರಗಳು 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ವರ್ಷದ ಮಟ್ಟಿಗೆ ಎಲ್ಲವೂ ಬ್ರಿಟಿಷರ ಕಾಲದಲ್ಲಿದ್ದಂತೆಯೇ ಇರಲಿ ಎಂಬುದು ಅದರ ಸಾರ. ಹಾಗೆ ಏನೂ ಇರಲಿಲ್ಲ. ಅಷ್ಟರಲ್ಲಿ ಹೈದರಾಬಾದಿನ ಪ್ರಧಾನಿಯ ಪೀಠದಲ್ಲಿ ಛತ್ತಾರಿಯ ನವಾಬನ ಬದಲು ಮೀರ್ ಲಾಯಕ್ ಅಲಿ ಕೂತಿದ್ದರು. ಬೀದಿಯಲ್ಲಿ ಅಧಿಕಾರ ನಡೆಸುತ್ತಿದ್ದವನು ಲಾತೂರಿನ ವಕೀಲ ಕಾಸಿಂ ರಜ್ವಿ. ಇತ್ತೆಹಾದುಲ್ ಮುಸ್ಲಿಮೀನ್ ಪಕ್ಷದ ಮುಖಂಡ, ಅದರ ಸ್ವಯಂಸೇವಕ ಪಡೆಯಾದ ರಜಾಕಾರರ ಒಡೆಯ. ಹೊಸ ಸರ್ಕಾರ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಯನ್ನು ಭಾರತ ಸರ್ಕಾರದ ಸಾಲಪತ್ರಗಳ ರೂಪದಲ್ಲಿ ಕೊಟ್ಟಿತು. ಭಾರತದ ನಾಣ್ಯ ತನ್ನ ರಾಜ್ಯದಲ್ಲಿ ಚಲಾವಣೆಯಾಗಕೂಡದೆಂದು ಫರ್ಮಾನು ಹೊರಡಿಸಿತು. ಗಡಿಯ ಒಕ್ಕಲಿಗನ ಕಲ್ದಾರ ಒಂದೇ ರಾತ್ರಿಯಲ್ಲಿ ತನ್ನ ಮನೆಯಲ್ಲೇ ಕಳ್ಳನಾಣ್ಯವಾಯಿತು. ಭಾರತ ಉತ್ತರವಾಗಿ ಸರಕುಗಳ ದಾರಿ ಬಿಗಿಹಿಡಿಯಿತು. ಪೆಟ್ರೋಲು, ಯಂತ್ರದ ಬಿಡಿಭಾಗ, ಔಷಧಿ, ಉಪ್ಪು ಎಲ್ಲದಕ್ಕೂ ತಡೆ. ಇದನ್ನು ಆರ್ಥಿಕ ದಿಗ್ಬಂಧನವೆಂದು ಹೈದರಾಬಾದು ಜಗತ್ತಿಗೆ ದೂರಿತು, ದಿಲ್ಲಿ ಹಾಗಲ್ಲವೆಂದಿತು. ದಿಲ್ಲಿಯ ಏಜೆಂಟ್ ಜನರಲ್ ಆಗಿ ಜನವರಿಯಲ್ಲಿ ಹೈದರಾಬಾದಿಗೆ ಹೋದ ಕೆ.ಎಂ. ಮುನ್ಶಿಯವರು ಅಲ್ಲಿಂದ ಬರೆದ ವರದಿಗಳಿಗೂ, ಲಾಯಕ್ ಅಲಿ ದಿಲ್ಲಿಗೆ ಹೊತ್ತು ತಂದ ದೂರುಗಳಿಗೂ ಲೆಕ್ಕವಿಲ್ಲ. ರಜಾಕಾರರು ಗಡಿ ದಾಟಿ ಲೂಟಿ ಮಾಡುತ್ತಾರೆಂದು ಇವರು, ಭಾರತದ ನೆಲದಿಂದ ಬಂದು ನಮ್ಮ ಠಾಣೆ ಸುಡುತ್ತಾರೆಂದು ಅವರು. ಎರಡೂ ನಿಜವಾಗಿತ್ತು.

ಆ ಎರಡನೆಯ ದೂರಿನ ಹಿಂದೆ ಇದ್ದವು ಗಡಿ ಶಿಬಿರಗಳು. ಸ್ಟೇಟ್ ಕಾಂಗ್ರೆಸ್ಸಿನ ಕ್ರಿಯಾ ಸಮಿತಿ ಸೊಲ್ಲಾಪುರ, ಗದಗ, ವಿಜಯವಾಡಗಳಲ್ಲಿ ಕಚೇರಿ ತೆರೆದು ಮೊಗಲಾಯಿಯ ಸುತ್ತ ಶಿಬಿರಗಳ ಸರಮಾಲೆ ಕಟ್ಟಿತು. ದಕ್ಷಿಣದಲ್ಲಿ ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದ್ದಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ನಾಯಕರು. ಬಿಜಾಪುರ ಜಿಲ್ಲೆಯಲ್ಲಿ ಭೀಮೆಯ ದಂಡೆಯಿಂದ ತಾಳಿಕೋಟೆಯವರೆಗೂ ಇಂಥ ಶಿಬಿರಗಳ ನಂಟು ಹಬ್ಬಿತ್ತು. ಓದು ಬಿಟ್ಟು ಬಂದ ಹುಡುಗರು, ಹೊಲ ಬಿಟ್ಟು ಬಂದ ಒಕ್ಕಲಮಕ್ಕಳು ಹಗಲು ಕವಾಯತು ಮಾಡಿ ರಾತ್ರಿ ಗಡಿ ದಾಟುತ್ತಿದ್ದರು. ಅಬಕಾರಿ ಆದಾಯ ನಿಲ್ಲಲೆಂದು ಈಚಲು ಮರ ಕಡಿಯುವುದು, ಕರೋಡಗಿರಿ ನಾಕಾ ಸುಡುವುದು, ಪಟವಾರಿಯ ದಫ್ತರಕ್ಕೆ ಬೆಂಕಿ ಇಡುವುದು, ತಂತಿ ಕತ್ತರಿಸುವುದು, ಲೆವಿಯೆಂದು ಕಸಿದ ಕಾಳನ್ನು ಹಿಂತಿರುಗಿ ಹಂಚುವುದು ಅವರ ಕೆಲಸ. ಇದೆಲ್ಲ ಅಹಿಂಸೆಯ ಸತ್ಯಾಗ್ರಹವಾಗಿತ್ತೆಂದು ನಾನು ಬರೆಯಲಾರೆ. ಶಿಬಿರಗಳಲ್ಲಿ ಬಂದೂಕು ಇದ್ದವು, ಬಂದೂಕು ಹಾರಿದವು. ಆದರೆ ಸುಡುವ ಊರನ್ನು ಕಣ್ಣಾರೆ ನೋಡಿದ ಇಪ್ಪತ್ತರ ಹುಡುಗನಿಂದ ನಾವು ಇಂದು ಕೂತು ಬೇರೆ ನಡತೆ ಬಯಸುವುದೂ ನ್ಯಾಯವಲ್ಲ. ಆ ತಲೆಮಾರು ಕೊಟ್ಟದ್ದು ದೊಡ್ಡದು.

1948ರ ಬೇಸಿಗೆ ಎಲ್ಲಕ್ಕಿಂತ ಕೆಟ್ಟದ್ದು. ಭೀಮೆಯಲ್ಲಿ ನೀರು ಇಳಿದು ಮೊಣಕಾಲುದ್ದವಾಗುವ ಕಾಲ. ದಾಟುವುದಕ್ಕೆ ಹರಿಗೋಲು ಬೇಡ. ಜೋಳದ ರಾಶಿ ಮುಗಿದು ಕಾಳು ಮನೆ ಸೇರಿರುವ ಕಾಲವೂ ಅದೇ. ಲೂಟಿ ಮಾಡುವವರಿಗೆ ಅದು ಗೊತ್ತಿತ್ತು. ಆಚೆಯ ಊರುಗಳ ಜನ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ಗುರುತು ಹತ್ತದಂತೆ ಮೇಲೆ ಕಣಿಕೆ ಹರಡಿ, ಕೂಸುಕುನ್ನಿ ಗಾಡಿಗೆ ಹಾಕಿಕೊಂಡು, ದನಕರು ಹೊಡಕೊಂಡು ಇಂಡಿ, ಸಿಂದಗಿ, ತಾಳಿಕೋಟೆ ಕಡೆಗೆ ಬಂದರು. ಬೀಗರಿದ್ದವರು ಬೀಗರ ಮನೆ ಸೇರಿದರು. ಇಲ್ಲದವರಿಗೆ ಮಠದ ಪಡಸಾಲೆ, ಗುಡಿಯ ಕಟ್ಟೆ, ಶಾಲೆಯ ಜಗಲಿ. ಬಾಗೇವಾಡಿ ಗಡಿಗೆ ದೂರವೆಂಬ ಕಾರಣಕ್ಕೇ ಮುಂದೆ ಸಾಗಿ ಬಂದವರಿಗೆ ಧೈರ್ಯದ ಊರಾಯಿತು. ಪಂಜಾಬಿನ ನಿರಾಶ್ರಿತರ ಬಗ್ಗೆ ಇರುವಷ್ಟು ಪುಸ್ತಕಗಳು ಇವರ ಬಗ್ಗೆ ಇಲ್ಲ. ಇವರು ಭಾಷೆ, ಊಟ, ದೇವರು ಯಾವುದೂ ಬದಲಾಗದ ಕಡೆಗೆ ಬಂದವರು; ನೆಂಟರ ಹಾಗೆ ಬಂದು ನೆಂಟರ ಹಾಗೆ ಕರಗಿಹೋದರು. ಸರ್ಕಾರದ ಕಡತಕ್ಕಿಂತ ಜನರ ಮಾತಿನಲ್ಲಿ ಅವರ ಗುರುತು ಉಳಿಯಿತು. ‘ರಜಾಕಾರರ ಗದ್ಲದಾಗ ಹುಟ್ಟಿದಾಂವ’ ಎಂದು ವಯಸ್ಸು ಹೇಳುವುದು ಈ ಸೀಮೆಯಲ್ಲಿ ಬಹುಕಾಲ ರೂಢಿಯಲ್ಲಿತ್ತು.

ಅದೇ ಬೇಸಿಗೆಯ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯ ಸುದ್ದಿ ಬಂತು. ಮೇ 22ರಂದು ಮದ್ರಾಸ್–ಮುಂಬಯಿ ಮೇಲ್ ಗಾಡಿಯ ಮೇಲೆ ಗಾಣಗಾಪುರ ನಿಲ್ದಾಣದಲ್ಲಿ ದಾಳಿಯಾಯಿತು. ಭಾರತದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊರಟ ಪ್ರಯಾಣಿಕರು ನಡುವೆ ಪರರಾಜ್ಯದ ನಿಲ್ದಾಣವೊಂದರಲ್ಲಿ ಸತ್ತರು ಎಂಬುದು ದಿಲ್ಲಿಯನ್ನು ಬೆಚ್ಚಿಬೀಳಿಸಿತು. ಇಂಡಿ, ಸಿಂದಗಿಯವರಿಗೆ ಅದು ದತ್ತನ ಗುಡಿಗೆ ಹೋಗುವ ಹಾದಿಯ ನಿಲ್ದಾಣ.

ಗವರ್ನರ್ ಜನರಲ್ ಮೌಂಟ್‌ಬ್ಯಾಟನ್ ಜೂನಿನಲ್ಲಿ ಕೊನೆಯ ಕರಡು ಒಪ್ಪಂದ ಹಿಡಿದು ಕಾದರು. ನಿಜಾಮ ಒಪ್ಪಲಿಲ್ಲ, ಅವರು ತಮ್ಮ ದೇಶಕ್ಕೆ ಮರಳಿದರು. ಸಿಡ್ನಿ ಕಾಟನ್ ಎಂಬ ವಿಮಾನಿಕನ ವಿಮಾನಗಳು ರಾತ್ರಿಯ ಹೊತ್ತು ಕರಾಚಿಯಿಂದ ಬೀದರಕ್ಕೂ ವಾರಂಗಲ್ಲಿಗೂ ಆಯುಧ ತಂದಿಳಿಸಿದವು. ಆಗಸ್ಟ್ 21ರಂದು ಹೈದರಾಬಾದು ಸಂಯುಕ್ತ ರಾಷ್ಟ್ರಗಳ ಭದ್ರತಾ ಮಂಡಳಿಗೆ ದೂರಿತ್ತಿತು. ಅದರ ಬೆನ್ನಿಗೇ, ಭಾರತಕ್ಕೆ ಸೇರುವುದೇ ಸರಿಯೆಂದು ತನ್ನ ಉರ್ದು ಪತ್ರಿಕೆ ‘ಇಮ್ರೋಜ್’ನಲ್ಲಿ ಬರೆಯುತ್ತಿದ್ದ ತರುಣ ಸಂಪಾದಕ ಶೋಯಬುಲ್ಲಾ ಖಾನರನ್ನು ಹೈದರಾಬಾದಿನ ಬೀದಿಯಲ್ಲಿ ಕೊಂದರು. ಈ ಜಗಳವನ್ನು ಹಿಂದೂ-ಮುಸಲ್ಮಾನರದ್ದು ಎಂದು ಎರಡೇ ಮಾತಿನಲ್ಲಿ ಮುಗಿಸುವವರು ಶೋಯಬುಲ್ಲಾರ ಹೆಸರನ್ನು ಮರೆತವರು.

ಸೆಪ್ಟೆಂಬರ್ 11ರಂದು ಕರಾಚಿಯಲ್ಲಿ ಜಿನ್ನಾ ತೀರಿಕೊಂಡರು. 13ರ ಬೆಳಗಿನ ಜಾವ ಭಾರತೀಯ ಸೇನೆಯ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಪಡೆ ಸೊಲ್ಲಾಪುರದ ದಾರಿಯಿಂದ ಒಳನುಗ್ಗಿ ನಳದುರ್ಗ ಹಿಡಿಯಿತು. ವಿಜಯವಾಡ, ಹೊಸಪೇಟೆ ಮುಂತಾದ ಕಡೆಗಳಿಂದಲೂ ಪಡೆಗಳು ದಾಟಿದವು. 17ರ ಸಂಜೆ ನಿಜಾಮ ಕದನ ನಿಲ್ಲಿಸಿದ, 18ರಂದು ಅವನ ಸೇನಾಪತಿ ಎಲ್ ಇದ್ರೂಸ್ ಶರಣಾದ. ಐದು ದಿನದಲ್ಲಿ ಎಲ್ಲ ಮುಗಿಯಿತು. ಈ ಐದು ದಿನಗಳ ಮೇಲೆ ಬೇಕಾದಷ್ಟು ಬರೆಹ ಇದೆ. ಇಲ್ಲಿ ಇಷ್ಟು ಸಾಕು.

ಬರೆಯಬೇಕಾದದ್ದು ಆಮೇಲಿನದು. ಸರ್ಕಾರ ಹೋಗಿ ಸರ್ಕಾರ ಬರುವ ನಡುವಿನ ವಾರಗಳಲ್ಲಿ ಆಚೆಯ ಊರುಗಳ ಮುಸಲ್ಮಾನರ ಮೇಲೆ ಸೇಡು ಬಿತ್ತು. ರಜಾಕಾರನ ಕೈಯಲ್ಲಿ ನರಳಿದವನು ರಜಾಕಾರನನ್ನು ಹುಡುಕಿ ಹೊಡೆದದ್ದು ಸ್ವಲ್ಪ. ಬಡ ನೇಕಾರ, ಪಿಂಜಾರ, ಕೂಲಿಕಾರ ಮುಸಲ್ಮಾನರು ಸತ್ತದ್ದು ಬಹಳ. ಸುದ್ದಿ ದಿಲ್ಲಿಗೆ ಮುಟ್ಟಿ, ನೆಹರೂ ಅವರು ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ಕಳಿಸಿದರು. ಅವರು ಊರೂರು ಸುತ್ತಿ ಕೊಟ್ಟ ವರದಿಯ ಪ್ರಕಾರ ಇಡೀ ರಾಜ್ಯದಲ್ಲಿ ಕಡಿಮೆಯೆಂದರೂ 27,000ದಿಂದ 40,000 ಜನ ಪ್ರಾಣ ಕಳೆದುಕೊಂಡಿದ್ದರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ಗುಲ್ಬರ್ಗಾ, ಬೀದರ, ನಾಂದೇಡ. ನಮ್ಮ ತಾಲ್ಲೂಕುಗಳ ಎದುರು ದಂಡೆಯೇ ಆ ಗುಲ್ಬರ್ಗಾ ಜಿಲ್ಲೆ. ಸೊಲ್ಲಾಪುರದಂಥ ಊರುಗಳಿಂದ ಗಡಿ ದಾಟಿ ಹೋದವರೂ, ಕೆಲವೆಡೆ ಸೈನಿಕರೂ ಇದರಲ್ಲಿ ಕೈಸೇರಿಸಿದ್ದರೆಂದು ವರದಿ ಮುಚ್ಚುಮರೆಯಿಲ್ಲದೆ ಹೇಳಿತು. ತಮ್ಮ ಜೀವ ಒತ್ತೆಯಿಟ್ಟು ಮುಸಲ್ಮಾನ ನೆರೆಯವರನ್ನು ಕಾಯ್ದ ಹಿಂದೂಗಳ ಸಂಗತಿಯನ್ನೂ ಅಷ್ಟೇ ಸ್ಪಷ್ಟವಾಗಿ ದಾಖಲಿಸಿತು. ದಶಕಗಟ್ಟಲೆ ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ರಜಾಕಾರರ ಹಾವಳಿಯನ್ನು ಹೇಳುವ ಪ್ರತಿ ಭಾಷಣದಲ್ಲೂ ಈ ವಾರಗಳ ಮಾತು ಬರಬೇಕೆಂಬುದು ನನ್ನ ಅಭಿಪ್ರಾಯ. ಗೋರ್ಟಾದ ಸತ್ತವರಿಗೆ ಗೌರವ ಸಲ್ಲಿಸುವ ನಾಲಿಗೆ ಗುಲ್ಬರ್ಗಾದ ಸತ್ತವರನ್ನು ಹೆಸರಿಸಲು ತಡವರಿಸಿದರೆ ಅದು ಇತಿಹಾಸವಲ್ಲ.

ಎರಡು ದೇಶಗಳ ನಡುವಿನ ತಕರಾರು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಸೆಪ್ಟೆಂಬರ್ 22ರಂದು ನಿಜಾಮ ದೂರನ್ನು ಹಿಂತೆಗೆದುಕೊಂಡರೂ ಪಾಕಿಸ್ತಾನ ಮರುವರ್ಷವೂ ಭದ್ರತಾ ಮಂಡಳಿಯಲ್ಲಿ ಹೈದರಾಬಾದಿನ ಮಾತೆತ್ತಿತು. ಮನೆಸೆರೆಯಲ್ಲಿದ್ದ ಲಾಯಕ್ ಅಲಿ 1950ರ ಮಾರ್ಚಿನಲ್ಲಿ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. 1957ರಲ್ಲಿ ಜೈಲಿನಿಂದ ಹೊರಬಂದ ಕಾಸಿಂ ರಜ್ವಿಯೂ ಅಲ್ಲಿಗೇ ಹೋದ. ಇನ್ನೊಂದು ಗಂಟು ಲಂಡನ್ನಿನಲ್ಲಿತ್ತು. ಶರಣಾಗತಿಯ ಗಡಿಬಿಡಿಯ ದಿನಗಳಲ್ಲಿ ಹೈದರಾಬಾದ್ ಸರ್ಕಾರದ ಖಾತೆಯಿಂದ 10 ಲಕ್ಷಕ್ಕೂ ಮಿಕ್ಕ ಪೌಂಡು ಅಲ್ಲಿಯ ಪಾಕಿಸ್ತಾನಿ ಹೈಕಮಿಷನರರ ಹೆಸರಿಗೆ ಜಮಾ ಆಗಿತ್ತು. ಕೊಟ್ಟದ್ದು ತನ್ನ ಒಪ್ಪಿಗೆಯಿಲ್ಲದೆ ಎಂದು ನಿಜಾಮ, ಅದು ನಮ್ಮದೇ ಎಂದು ಪಾಕಿಸ್ತಾನ. ಬ್ಯಾಂಕು ಹಣ ಹಿಡಿದಿಟ್ಟಿತು. ಬಡ್ಡಿ ಬೆಳೆದು ಅದು 3.5 ಕೋಟಿ ಪೌಂಡು ಆದ ಮೇಲೆ, 2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟು ಹಣ ಭಾರತಕ್ಕೂ ನಿಜಾಮನ ವಾರಸುದಾರರಿಗೂ ಸೇರಿದ್ದೆಂದು ತೀರ್ಪಿತ್ತಿತು. ಹೊಲದ ಕಂದಾಯ, ನಾಕಾದ ಸುಂಕ ಕೊಟ್ಟು ಆ ಬೊಕ್ಕಸ ತುಂಬಿದವರಲ್ಲಿ ಗುಲ್ಬರ್ಗಾ, ಸುರಪುರದ ಒಕ್ಕಲಿಗರೂ ಇದ್ದರು.

ಸ್ವಾಮಿ ರಮಾನಂದ ತೀರ್ಥರು ಸೆರೆಯಿಂದ ಬಂದು, 1952ರ ಮೊದಲ ಲೋಕಸಭೆಗೆ ಗುಲ್ಬರ್ಗಾದಿಂದ ಆರಿಸಿಹೋದರು. ಹೈದರಾಬಾದ್ ರಾಜ್ಯವನ್ನು ಭಾಷೆಯ ಆಧಾರದ ಮೇಲೆ ಬಿಡಿಸಿ ನೆರೆಯ ನಾಡುಗಳಿಗೆ ಸೇರಿಸಲೇಬೇಕೆಂದು ಹಟ ಹಿಡಿದವರಲ್ಲಿ ಅವರು ಮುಖ್ಯರು. ಮುಂಬಯಿಯ ಬಿಜಾಪುರ, ಹೈದರಾಬಾದಿನ ಗುಲ್ಬರ್ಗಾ, ರಾಯಚೂರು, ಬೀದರ 1956ರ ನವೆಂಬರ್ 1ರಂದು ಒಂದೇ ಮೈಸೂರು ರಾಜ್ಯದಲ್ಲಿ ಕೂಡಿದವು. ಬಾಗೇವಾಡಿಯೂ ಕಲ್ಯಾಣವೂ ಮತ್ತೆ ಒಂದು ಆಡಳಿತಕ್ಕೆ ಬಂದವು.

ಮೊಗಲಾಯಿ ಹಿಂದುಳಿದ ನಾಡಾಗಿಯೇ ಉಳಿದದ್ದರಿಂದ ಅದರ ಜನರ ದೀರ್ಘ ಹೋರಾಟದ ಫಲವಾಗಿ 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಿತು. 2019ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಕರ್ನಾಟಕವೆನ್ನುತ್ತಿದ್ದ ಆ ನಾಡಿಗೆ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು. ಆ ವಿಧಿಯಂತೆ ಕಲಬುರಗಿಯ, ಅಂದರೆ ಹಿಂದಿನ ಗುಲ್ಬರ್ಗಾದ, ಕಾಲೇಜುಗಳ ಶೇ 70ರಷ್ಟು ಸೀಟು ಆ ಪ್ರದೇಶದವರಿಗೆ ಮೀಸಲು. ಅಫಜಲಪುರದ ವಿದ್ಯಾರ್ಥಿ ಪ್ರಮಾಣಪತ್ರ ತೋರಿಸಿ ಅದರಲ್ಲಿ ಸೇರುತ್ತಾನೆ. ಭೀಮೆಯ ಈಚೆಯ ಸಿಂದಗಿ ತಾಲ್ಲೂಕಿನ ಹುಡುಗಿ, ಅವನ ಸ್ವಂತ ಸೋದರಮಾವನ ಮಗಳಾದರೂ, ಮಿಕ್ಕ ಸೀಟಿಗೆ ಅರ್ಜಿ ಹಾಕುತ್ತಾಳೆ.